ನೂರ ಎಂಬತ್ತು ಹಲಗೆ

ನಮ್ಮೂರಿನಲ್ಲಿ ಯಾರೂ ಯಾರನ್ನೂ ಎಷ್ಟು ಕೆ.ಜಿ. ಇಳಿದೆ ಎಂದು ಕೇಳುವುದಿಲ್ಲ. ಎಷ್ಟನೇ ಹಲಗೆ ಎಂದು ಕೇಳುತ್ತಾರೆ. ಈ ದಡಕ್ಕೂ ಆ ದಡಕ್ಕೂ ನಡುವೆ ಇರುವುದು ಒಂದೇ ತೂಗುಸೇತುವೆ, ಅದಕ್ಕೆ ನೂರ ಎಂಬತ್ತು ಹಲಗೆ. ಮೊದಲ ಸಲ ದಾಟಿದ ದಿನ ನೀವು ಎಷ್ಟು ಭಾರವಿದ್ದಿರೋ, ಕೈಯಲ್ಲಿ ಹೊತ್ತದ್ದೂ ಸೇರಿ, ಆಮೇಲೆ ಬದುಕಿರುವವರೆಗೂ ಅದು ನಿಮ್ಮನ್ನು ಅಷ್ಟೇ ಭಾರಕ್ಕೆ ದಾಟಿಸುತ್ತದೆ. ಹೆಚ್ಚಿದ್ದರೆ ಒಂದಷ್ಟು ದೂರ ಬಿಟ್ಟುಕೊಂಡು, ಆಮೇಲೆ ಮೆಲ್ಲಗೆ ಬಗ್ಗಿ, ಮೊಣಕಾಲವರೆಗೆ ನೀರಿಗಿಳಿಸಿ ಸುಮ್ಮನೆ ನಿಲ್ಲುತ್ತದೆ. ಹಿಂದಕ್ಕೆ ತಿರುಗಿದರೆ ಮೇಲೇಳುತ್ತದೆ. ಇವತ್ತಿನವರೆಗೆ ಒಬ್ಬರ ಪ್ರಾಣವನ್ನೂ ತೆಗೆದಿಲ್ಲ, ಮಾನ ಮಾತ್ರ ತೆಗೆಯುತ್ತದೆ. ಒದ್ದೆ ಸೀರೆಯಲ್ಲಿ ಬಜಾರಿನ ನಡುವೆ ಮನೆಗೆ ನಡೆದು ಬರುವ ಹೆಂಗಸನ್ನು ಕಂಡರೆ ಜನ ಮುಖ ತಿರುಗಿಸಿ ಬಿಸಿಲಿನ ವಿಚಾರ ಮಾತಾಡುತ್ತಾರೆ. ದೋಣಿ ಯಾಕಿಲ್ಲ ಎಂದು ಹೊರಗಿನವರು ಕೇಳುವುದುಂಟು. ನಾವು ಕೇಳುವುದನ್ನು ಬಿಟ್ಟು ಬಹಳ ಕಾಲವಾಯಿತು.

ನಾನು, ಕೆಂಪಮ್ಮಣ್ಣಿ, ಹುಟ್ಟಿದ್ದು ಆಚೆ ದಡದಲ್ಲಿ. ಈಚೆಗೆ ಸೊಸೆಯಾಗಿ ಬಂದು ಮೂವತ್ತೆರಡು ವರ್ಷ. ಅಲ್ಲಿನ ತಾಯಂದಿರು ಹೆಣ್ಣು ಒಪ್ಪಿಸುವ ದಿನ ಮಗಳ ಮಡಿಲಿಗೆ ಅಕ್ಕಿ, ಬೆಲ್ಲ, ಕೊಬ್ಬರಿಯ ಜೊತೆ ಒಂದು ರುಬ್ಬುಗುಂಡನ್ನೂ ಕಟ್ಟುತ್ತಾರೆ. ಅದಕ್ಕೆ ತವರುಗಲ್ಲು ಎಂದು ಹೆಸರು. ಮುಂದೆ ಮೈ ಬಂದರೂ, ಬಸುರಿಯಾದರೂ ಮಗಳು ತವರಿಗೆ ಬಂದುಹೋಗುವಂತಿರಲಿ ಎಂದು ಆ ಭಾರ. ನನ್ನ ಅವ್ವ ಹತ್ತು ಕೆ.ಜಿ.ಯ ಗುಂಡನ್ನೇ ಕಟ್ಟಿದ್ದಳು. ಸೇತುವೆಯ ಬಾಯಿಗೆ ಬರುವಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಗಿತ್ತು. ಮದುಮಗ ಚಿಕ್ಕೀರಯ್ಯ ಅದನ್ನು ನೋಡಿದ. "ಇದ್ಯಾಕೆ ಹೊತ್ಕಂಡು ಸಾಯ್ತೀಯ, ನಮ್ಮನೇಲೂ ರುಬ್ಬುಗುಂಡು ಅದೆ" ಎಂದು ಹೇಳಿ, ಗುಂಡನ್ನು ತೆಗೆದು ದಡದ ಬಂಡೆಯ ಮೇಲಿಟ್ಟ. ಅವ್ವ ಹಿಂದೆ ಎಲ್ಲೋ ಅಳುತ್ತಿದ್ದಳು, ಅವಳು ಇದನ್ನು ನೋಡಲಿಲ್ಲ. ಮೊದಲ ದಿನವೇ ಗಂಡನಿಗೆ ಎದುರಾಡುವುದು ಹೇಗೆ ಎಂದು ನಾನೂ ಬಾಯಿ ಬಿಡಲಿಲ್ಲ. ಸುಳ್ಳು ಯಾಕೆ ಹೇಳಲಿ, ಆ ಕ್ಷಣಕ್ಕೆ ಅವನ ಮೇಲೆ ಪ್ರೀತಿಯೇ ಬಂದಿತ್ತು. ಹಾಗೆ ನಾನು ನಲವತ್ತೊಂಬತ್ತು ಕೆ.ಜಿ.ಗೆ ದಾಟಿದವಳು. ಆರು ವರ್ಷದ ನಂತರ ಅವ್ವ ಸಾಯುವಾಗ ನಾನು ನೂರ ಇಪ್ಪತ್ತನೇ ಹಲಗೆಯಲ್ಲಿ ಒದ್ದೆಯಾಗಿ ನಿಂತಿದ್ದೆ. ಆಚೆ ದಡದಲ್ಲಿ ಹೊಗೆ ಏಳುವುದು ಕಂಡಿತು, ಅಷ್ಟೇ.

ಚಿಕ್ಕೀರಯ್ಯನ ಮೈ ಮಾತ್ರ ಬೇರೆ ಮಣ್ಣಿನದು. ಮೊದಲು ದಾಟಿದಾಗ ಐವತ್ತೈದು ಇದ್ದವನು ಈಗ ಐವತ್ತೊಂದು. ಹೊತ್ತಿಗೆ ಎರಡು ಮುದ್ದೆ ನುಂಗುತ್ತಾನೆ, ಎಲ್ಲಿಗೆ ಹೋಗುತ್ತದೋ ದೇವರೇ ಬಲ್ಲ. ಮಿಕ್ಕ ಆ ನಾಲ್ಕು ಕೆ.ಜಿ.ಯೇ ಅವನ ಉದ್ಯೋಗ. ಔಷಧಿ, ಕನ್ನಡಕ, ಲಗ್ನಪತ್ರಿಕೆ, ಯಾರದೋ ಬಾಣಂತಿಗೆ ಅಂಟಿನುಂಡೆ, ನಾಲ್ಕು ಕೆ.ಜಿ. ಮೀರದ ಯಾವುದನ್ನಾದರೂ ಬೆಳಿಗ್ಗೆ ಆಚೆಗೆ ಒಯ್ಯುತ್ತಾನೆ, ಸಂಜೆ ಈಚೆಗೆ ತರುತ್ತಾನೆ. ನಾನು ಮನೆಯ ಮುಂದಿನ ಅಂಗಡಿಯಲ್ಲಿ ನಿಪ್ಪಟ್ಟು, ಕೋಡುಬಳೆ ಕರಿಯುತ್ತೇನೆ. ದಿನವಿಡೀ ಎಣ್ಣೆಯ ಮುಂದೆ ಕೂತು ಉಪ್ಪು ನೋಡುತ್ತ, ಗರಿಗರಿ ನೋಡುತ್ತ, ಮುರಿದದ್ದನ್ನು ಎಸೆಯಲಾರದೆ ಬಾಯಿಗೆ ಹಾಕಿಕೊಳ್ಳುತ್ತ ಅರವತ್ತಾರು ಕೆ.ಜಿ. ಆಗಿದ್ದೆ. ಅದರ ಬಗ್ಗೆ ನನಗೆ ದುಃಖವೇನೂ ಇರಲಿಲ್ಲ.

ಶ್ರಾವಣದ ಒಂದು ಮಧ್ಯಾಹ್ನ ಆಚೆಯಿಂದ ಬೇಗ ಬಂದ ಗಂಡ ಊಟಕ್ಕೆ ಕೂತು, "ಶಶಿ ಬಸುರಿಯಂತೆ. ಯುಗಾದಿ ಹಿಂದುಮುಂದು ಅಂತ ಲೆಕ್ಕ" ಎಂದ.

ಶಶಿರೇಖೆ ನಮ್ಮ ಒಬ್ಬಳೇ ಮಗಳು. ಹದಿನಾರಕ್ಕೆ ಪರೀಕ್ಷೆ ಬರೆಯಲು ಮೊದಲ ಸಲ ದಾಟಿದಳು. ಬೇರೆ ಮಕ್ಕಳ ಚೀಲದಲ್ಲೆಲ್ಲ ತಾಯಂದಿರು ಇಟ್ಟಿಗೆ ತುಂಬಿ ಕಳಿಸಿದ್ದರು. ಇವಳು ಹಠಮಾರಿ, ಇಟ್ಟಿಗೆ ಹೊತ್ತುಕೊಂಡು ಗಣಿತ ಬರೆಯಲಾರೆ ಎಂದು ಒಂದು ಪೆನ್ನು ಹಿಡಿದು ಹೋದಳು. ಕಳೆದ ವರ್ಷ ಆಚೆಗೇ ಮದುವೆಯಾಗಿ ಹೋದಾಗಲೇ ಸೇತುವೆ ಕಿರುಗುಟ್ಟಿತ್ತು. ಇನ್ನು ಬಸುರಿಯಾದವಳು ಹೆರಿಗೆಗೆ ಬರುವ ಮಾತೆಲ್ಲಿ. ಗಂಡನ ಮನೆಯಲ್ಲಿ ಅತ್ತೆಯೂ ಇಲ್ಲ.

"ಏನಂದ್ಲು?" ಎಂದು ಕೇಳಿದೆ.

"ಅವ್ವ ಬತ್ತಳಾ ಕೇಳಪ್ಪ ಅಂದ್ಲು." ಅವನು ಸಾರಿಗೆ ಕೈ ಚಾಚಿದ. "ನಾನೇನಂತ ಹೇಳ್ಲಿ?"

ಮರುದಿನ ಬೆಳಿಗ್ಗೆ ಯಾರೂ ಏಳುವ ಮೊದಲು ಸೇತುವೆಗೆ ಹೋದೆ. ನಲವತ್ತನೇ ಹಲಗೆಗೆ ನೀರು ಮುಟ್ಟಿತು. ಒಂದು ಕೆ.ಜಿ.ಗೆ ಎಂಟು ಹಲಗೆ ಎಂದು ಊರಿನ ಅಂದಾಜು. ಇನ್ನೂ ನೂರ ನಲವತ್ತು ಹಲಗೆ, ಹದಿನೇಳು ಚಿಲ್ಲರೆ ಕೆ.ಜಿ., ಏಳು ತಿಂಗಳು. ಅವ್ವನ ಹೊಗೆಯನ್ನು ನೋಡಿದವಳು ಮಗಳ ಬಾಣಂತನವನ್ನೂ ದೂರದಿಂದಲೇ ನೋಡಬೇಕೆ ಎಂದು ಅಲ್ಲೇ ನಿಂತು ಅತ್ತೆ. ಆಮೇಲೆ ತಿಮ್ಮಾಜಮ್ಮನ ಮನೆಯ ಬಾಗಿಲು ಬಡಿದೆ.

ತಿಮ್ಮಾಜಮ್ಮ ಹಿಂದೆ ಶಾಲೆಯಲ್ಲಿ ಡ್ರಿಲ್ ಟೀಚರು. ಅರವತ್ತೆಂಟು ವಯಸ್ಸು, ಕೊರಳಲ್ಲಿ ಇನ್ನೂ ಸೀಟಿ. ದಾಟಬೇಕೆನ್ನುವ ಹೆಂಗಸರನ್ನು ದಿನಾ ಬೆಳಿಗ್ಗೆ ಐದೂವರೆಗೆ ಉಪ್ಪಿನ ಗೋದಾಮಿನ ಸುತ್ತ ನಡೆಸುತ್ತಾಳೆ. ಒಂದು ಸುತ್ತಿಗೆ ಆರುನೂರು ಹೆಜ್ಜೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕರಿದಿದ್ದು ಬಿಡು. ಅನ್ನ ಬಿಡು. ನಡಿ. ಬೇರೆ ಮಂತ್ರ ಇಲ್ಲ ಕಣಮ್ಮ" ಎಂದಳು.

ಮೊದಲ ತಿಂಗಳು ಎಲ್ಲರಿಗೂ ಚೆನ್ನಾಗಿರುತ್ತದೆ. ಅರ್ಧ ಮುದ್ದೆ, ಹುರುಳಿ ಕಟ್ಟು, ಸೊಪ್ಪು, ಸಂಜೆಗೆ ಸೌತೆಕಾಯಿ. ದಿನಾ ಹನ್ನೆರಡು ಸುತ್ತು. ಮೂರು ಕೆ.ಜಿ. ಕರಗಿತು, ಅರವತ್ತನಾಲ್ಕನೇ ಹಲಗೆಗೆ ಹೋದೆ. ಬಜಾರಿನಲ್ಲಿ ತಲೆಯೆತ್ತಿ ನಡೆದೆ, ಅಕ್ಕಪಕ್ಕದವರಿಗೆ ಜೀರಿಗೆ ನೀರಿನ ಮಹಿಮೆ ಹೇಳಿದೆ. ಇದಕ್ಕೆ ಆರಂಭಶೂರತ್ವ ಎನ್ನುತ್ತಾರೆ ಎಂದು ಗೊತ್ತಾಗಲು ಎರಡನೇ ತಿಂಗಳು ಬರಬೇಕಾಯಿತು. ಎರಡನೇ ತಿಂಗಳಿಗೆ ಮಂಡಿ ನೋವು ಶುರುವಾಯಿತು. ಹಸಿವೆಂದರೂ ಒಂದು ನೋವು ಎಂದು ತಿಳಿದಿದ್ದೆ, ಅದು ನೋವಲ್ಲ, ಬೇಸರ. ಮಧ್ಯಾಹ್ನ ಮೂರಕ್ಕೆ ಬಂದು ಎದುರಿಗೆ ಕೂತರೆ ಮಲಗುವವರೆಗೂ ಏಳುವುದಿಲ್ಲ. ಅದನ್ನು ಎದುರಿಗೆ ಕೂರಿಸಿಕೊಂಡೇ ನಾನು ನೂರಾರು ನಿಪ್ಪಟ್ಟು ಕರಿಯಬೇಕು.

ಬಾಯಿಗೆ ಹಾಕಿಕೊಳ್ಳುವುದನ್ನು ನಿಲ್ಲಿಸಿದ ಮೇಲೆ ಉಪ್ಪು ಕೈತಪ್ಪಿತು. ಗಿರಾಕಿಗಳು ಒಂದು ದಿನ ಸಪ್ಪೆ ಎಂದರು, ಒಂದು ದಿನ ಸಮುದ್ರ ಎಂದರು. ಚಿಕ್ಕೀರಯ್ಯನೇ ಉಪ್ಪು ನೋಡುವ ಕೆಲಸ ವಹಿಸಿಕೊಂಡ. ಹೊರಡುವ ಮೊದಲು ನನ್ನೆದುರೇ ನಾಲ್ಕು ಕೋಡುಬಳೆ ಕರುಕುರು ಅಗಿದು, "ಸರಿಯಾಗಿ ಅದೆ" ಎಂದು ತೀರ್ಪು ಕೊಡುತ್ತಿದ್ದ. ಒಂದಕ್ಕೇ ಗೊತ್ತಾಗುವುದಿಲ್ಲವೇ ಎಂದರೆ, ಮೊದಲನೆಯದು ಬಾಯಿ ತೊಳೆಯುವುದಕ್ಕೆ ಎನ್ನುತ್ತಿದ್ದ. ಅವನನ್ನು ಬಾಣಲೆಗೆ ಹಾಕಿ ಕರಿಯಬೇಕು ಎನಿಸಿದ ದಿನಗಳಿವೆ.

ಫಾಲ್ಗುಣದ ಹೊತ್ತಿಗೆ ಒಂಬತ್ತು ಕೆ.ಜಿ. ಇಳಿದು ನೂರ ಹನ್ನೆರಡನೇ ಹಲಗೆಯಲ್ಲಿದ್ದೆ. ಯುಗಾದಿಗೆ ಇನ್ನೂ ಐದು ದಿನವಿದೆ ಎನ್ನುವಾಗ ಚಿಕ್ಕೀರಯ್ಯ ಓಡುತ್ತ ಬಂದ. ಅವನು ಓಡಿದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಹೆಣ್ಣು. ಮೂರು ಕೆ.ಜಿ. ತಾಯಿ ಮಗು ಇಬ್ಬರೂ ಚೆನ್ನಾಗವ್ರೆ."

"ಹೆಂಗದೆ ಮಗು?"

ಅವನು ಯೋಚಿಸಿದ. "ಮಗು ಇದ್ದಂಗೆ ಅದೆ."

"ಯಾರ ಥರ?"

"ಇನ್ನೂ ಯಾರ ಥರಾನೂ ಇಲ್ಲ. ಕೆಂಪಗದೆ."

ಮೂವತ್ತೆರಡು ವರ್ಷ ಆ ಸೇತುವೆ ದಾಟಿದ ಕಣ್ಣಿಗೆ ಕಂಡದ್ದು ಇಷ್ಟು. ಎರಡು ದಿನ ನಾನು ಅವನ ಜೊತೆ ಮಾತಾಡಲಿಲ್ಲ. ಮಾತಾಡದಿದ್ದದ್ದು ಅವನಿಗೆ ತಿಳಿಯಿತೋ ಇಲ್ಲವೋ, ಮನಸ್ಸಿನಲ್ಲಿ ಏನೋ ಲೆಕ್ಕ ಹಾಕುತ್ತಿದ್ದನೆಂದು ಮಾತ್ರ ಆಮೇಲೆ ಗೊತ್ತಾಯಿತು.

ಹನ್ನೊಂದನೇ ದಿನ ತೊಟ್ಟಿಲಿಗೆ ಹಾಕುವ ಶಾಸ್ತ್ರ. ನಾನು ಹೊಸ ಸೀರೆ ಉಟ್ಟು ಸೇತುವೆಗೆ ಹೋದೆ. ದಾಟುವುದಿಲ್ಲ ಎಂದು ಗೊತ್ತಿತ್ತು. ಹತ್ತಿರದಿಂದ ಹಾಡಾದರೂ ಕೇಳಿಸಲಿ ಎಂದು ಹೋದದ್ದು. ನೂರ ಹದಿನಾಲ್ಕನೇ ಹಲಗೆಗೆ ನೀರು ಮುಟ್ಟಿತು. ಅಲ್ಲಿ ನಿಂತು ನೋಡಿದರೆ ಆಚೆ ದಡದಲ್ಲಿ ಶಶಿ ತಲೆಗೆ ಬಟ್ಟೆ ಕಟ್ಟಿಕೊಂಡು ನಿಂತಿದ್ದಳು. ಅವಳ ಮುಂದೆ ಸೇತುವೆಯ ಬಾಯಲ್ಲಿ ಚಿಕ್ಕೀರಯ್ಯ. ಅವನ ಎದೆಗೆ ಹಳದಿ ಟವಲಿನ ಒಂದು ಗಂಟು.

"ಅಲ್ಲೇ ನಿಂತಿರು," ಎಂದು ಅವನು ಕೂಗಿದ. "ಮೂರು ಕೆ.ಜಿ. ಅಷ್ಟೆ. ನಂಗೆ ನಾಲ್ಕಕ್ಕೆ ಜಾಗ ಅದೆ. ತತ್ತೀನಿ."

ನಮ್ಮೂರಿನಲ್ಲಾಗಲಿ ಆಚೆಯಲ್ಲಾಗಲಿ ಬುದ್ಧಿಯಿರುವವರು ಮಕ್ಕಳನ್ನು ಸೇತುವೆಯ ಹತ್ತಿರ ಸುಳಿಯಗೊಡುವುದಿಲ್ಲ. ಮೈಕೈ ತುಂಬಿದ ಮೇಲೆಯೇ ಮೊದಲ ದಾಟು. ಅರ್ಧ ದಾರಿಗೆ ಬಂದು ಹಿಂದಿರುಗಿದರೂ ಸೇತುವೆಗೆ ಅದು ದಾಟಿದ ಲೆಕ್ಕವೇ. ಮೂರು ಕೆ.ಜಿ.ಗೆ ದಾಟಿದ ಕೂಸನ್ನು ಸೇತುವೆ ಇನ್ನು ಮೂರು ಕೆ.ಜಿ.ಗೇ ಗುರುತು ಹಿಡಿಯುತ್ತದೆ. ಮೂರು ಕೆ.ಜಿ.ಯಾಗಿ ಉಳಿಯುವ ಕೂಸು ಎಲ್ಲಿದೆ. ಯಾವ ದಡದಲ್ಲಿ ಇರುತ್ತದೋ ಅದೇ ದಡ ಅದಕ್ಕೆ, ಸಾಯುವವರೆಗೂ. ಚಿಕ್ಕೀರಯ್ಯನಿಗೆ ಇದು ಗೊತ್ತಿಲ್ಲವೆಂದಲ್ಲ. ನನ್ನ ಸೊಂಟ ನೋಯುವುದು ಕಂಡರೆ ಅವನಿಗೆ ಬೇರೇನೂ ಕಾಣುವುದಿಲ್ಲ. ಒಳ್ಳೆಯ ಮನುಷ್ಯ, ಅದೇ ಅವನ ಕಾಟ.

"ಕಾಲಿಡಬೇಡ," ಎಂದು ಕೂಗಿದೆ.

"ಹತ್ ನಿಮಿಷ ಎತ್ಕಂಡು ಕೊಟ್ಬಿಡು. ವಾಪಸ್ ತಂದ್ಬಿಡ್ತೀನಿ."

"ಅದರ ಕಾಲು ಮುರೀಬೇಡ. ಹಿಂದಕ್ಕೋಗು."

ಆಗ ಶಶಿ ಮಾತಾಡಿದಳು. ಹೆತ್ತು ಹನ್ನೊಂದು ದಿನದ ದನಿ, ಗಾಳಿಯಲ್ಲಿ ಅರ್ಧ ಕೇಳಿಸಿತು. "ಒಂದೇ ಒಂದ್ಸಲ ನೋಡ್ಬಿಡವ್ವ. ಇಲ್ಲೇ ಇರೋಳು ಇವ್ಳು. ಎಲ್ಲಿಗೆ ಹೋಗ್ಬೇಕು ಇವ್ಳು?"

ಇಬ್ಬರೂ ನನ್ನ ಒಂದು ಹೂಂ ಎನ್ನುವುದಕ್ಕೆ ಕಾಯುತ್ತಿದ್ದರು. ಟವಲಿನ ಒಳಗಿಂದ ಒಂದು ಕೈ ಹೊರಗೆ ಬಂದು ಗಾಳಿಯಲ್ಲಿ ಏನನ್ನೋ ಹಿಡಿಯಲು ನೋಡಿತು. ಇನ್ನು ಒಂದು ಕ್ಷಣ ನಿಂತರೆ ತಾ ಎಂದುಬಿಡುತ್ತೇನೆ ಎಂದು ನನಗೇ ಗೊತ್ತಾಯಿತು. ಮಗುವಿಗೆ ಬೆನ್ನು ಹಾಕಿ ತಿರುಗಿದೆ. ನೂರ ಹದಿನಾಲ್ಕು ಹಲಗೆಯನ್ನೂ ಹಿಂದಿರುಗಿ ನೋಡದೆ ನಡೆದೆ. ಚಿಕ್ಕೀರಯ್ಯ ಗಂಟನ್ನು ಶಶಿಯ ಕೈಗೇ ವಾಪಸು ಕೊಟ್ಟನೆಂದು ಆಮೇಲೆ ತಿಳಿಯಿತು.

ಮನೆಗೆ ಬಂದು ಒದ್ದೆ ಸೀರೆಯಲ್ಲೇ ಅಂಗಡಿಯ ಡಬ್ಬ ತೆಗೆದು ನಿಪ್ಪಟ್ಟು ತಿಂದೆ. ಎಷ್ಟು ಎಂದು ನೆನಪಿಲ್ಲ. ಮರುದಿನ ಐದೂವರೆಗೆ ಏಳಲಿಲ್ಲ. ಅದರ ಮರುದಿನವೂ ಇಲ್ಲ. ಮನಸ್ಸಿದ್ದರೆ ಮಾರ್ಗ ಎಂದು ಗೋದಾಮಿನ ಗೋಡೆಯ ಮೇಲೆ ಯಾರೋ ಬರೆದಿದ್ದಾರೆ. ಬರೆದವರ ತೂಕ ಎಷ್ಟಿತ್ತೋ. ನನಗೆ ಮನಸ್ಸಿತ್ತು, ಮಗಳಿದ್ದಳು, ಮೊಮ್ಮಗಳೂ ಬಂದಿದ್ದಳು. ಇಲ್ಲದ್ದು ಶಕ್ತಿ. ಹಾಸಿಗೆಯಿಂದ ಕಾಲು ಕೆಳಗಿಡುವ ಆ ಒಂದು ಗಳಿಗೆಯ ಶಕ್ತಿ. ಹದಿನೈದು ದಿನದಲ್ಲಿ ಎರಡು ಕೆ.ಜಿ. ವಾಪಸು ಬಂದು ಕೂತಿತು. ಬರುವಾಗ ಅದಕ್ಕೆ ಎಷ್ಟು ಅವಸರ ನೋಡಿ.

ಹದಿನಾರನೇ ದಿನ ತಿಮ್ಮಾಜಮ್ಮ ಅಂಗಡಿಗೆ ಬಂದಳು. ಬುದ್ಧಿ ಹೇಳುತ್ತಾಳೆ ಎಂದು ಮುಖ ಗಂಟಿಕ್ಕಿ ಕೂತೆ. ಅವಳು ಒಂದು ಕೋಡುಬಳೆ ಕೇಳಿ ತೆಗೆದುಕೊಂಡು, ತಿನ್ನದೆ ಬೆರಳಿಗೆ ಸಿಕ್ಕಿಸಿಕೊಂಡು ಜಗಲಿಯ ಮೇಲೆ ಕೂತಳು.

"ನೀವು ಎಷ್ಟನೇ ಹಲಗೆ ಈಗ?" ಎಂದು ನಾನೇ ಕೇಳಿದೆ.

"ನೂರ ಎಪ್ಪತ್ತಾರು. ಒಂಬತ್ತು ವರ್ಷದಿಂದ ಅಲ್ಲೇ."

"ಆಚೆ ಕಡೆ ಯಾರವ್ರೆ ನಿಮಗೆ?"

"ಯಾರೂ ಇಲ್ಲ. ಅಕ್ಕ ಒಬ್ಳಿದ್ಲು, ಹೋದ್ಲು. ಇದ್ದೋರೆಲ್ಲ ಹೋದ್ರು."

"ಮತ್ಯಾಕೆ ನಡೀತೀರಿ?"

ತಿಮ್ಮಾಜಮ್ಮ ಕೋಡುಬಳೆಯನ್ನು ಬೆರಳಲ್ಲಿ ತಿರುಗಿಸಿದಳು. "ನಂಗೂ ಬೇಜಾರಾಯ್ತದೆ ಕಣೆ. ದಿನಾ ಆಯ್ತದೆ. ಹುರುಪು ಬರ್ಲಿ ಆಮೇಲೆ ಹೋಗಾನ ಅಂತ ಕೂತಿದ್ರೆ ನಾನು ಒಂದಿನಾನೂ ಮನೆ ಬಿಡ್ತಿರ್ನಿಲ್ಲ. ಬೇಜಾರನ್ನೂ ಜೊತೇಲಿ ಕರ್ಕೊಂಡೇ ಹೋಯ್ತೀನಿ. ಅದೂ ನಡೀತದೆ." ಕೋಡುಬಳೆಯನ್ನು ಡಬ್ಬದ ಮೇಲಿಟ್ಟು ಎದ್ದಳು. "ನಿನ್ ಮಗು ಮುಂದಿನ ಸಂಕ್ರಾಂತಿಗೂ ಮಗೂನೇ. ಯುಗಾದಿಗೇ ನೋಡ್ಬೇಕು ಅಂತ ಯಾರಂದ್ರು?"

ಮರುದಿನ ಹೋದೆ. ಹುರುಪೇನೂ ಇರಲಿಲ್ಲ. ನಾಲ್ಕು ಸುತ್ತಿಗೆ ಸುಸ್ತಾಗಿ ಗೋಡೆಗೆ ಒರಗಿದೆ. ಅವಳು ಸೀಟಿ ಊದಲಿಲ್ಲ, ನನ್ನ ಪಕ್ಕದಲ್ಲಿ ನಿಂತಿದ್ದು ಮತ್ತೆ ನಡೆದಳು. ನಾನೂ ನಡೆದೆ. ಬೇಸಿಗೆ ಹೋಯಿತು, ಮಳೆ ಬಂತು. ನೂರ ನಲವತ್ಮೂರನೇ ಹಲಗೆಗೆ ಬಂದು ಮೈ ಮೊಂಡು ಬಿತ್ತು. ಮೂರು ತಿಂಗಳು ಆರಕ್ಕೇರಲಿಲ್ಲ, ಮೂರಕ್ಕಿಳಿಯಲಿಲ್ಲ. ಅರ್ಧ ಮುದ್ದೆ ಕಾಲಾಯಿತು, ಹನ್ನೆರಡು ಸುತ್ತು ಹದಿನೆಂಟಾಯಿತು. ಕೂದಲು ಉದುರಿತು. ಬಳೆ ಮೊಣಕೈವರೆಗೆ ಸರಿಯತೊಡಗಿತು. ಚಿಕ್ಕೀರಯ್ಯ ಈಗ ಕೋಡುಬಳೆಯನ್ನು ಹಿತ್ತಿಲಿಗೆ ಒಯ್ದು ತಿಂದು ಬರುತ್ತಿದ್ದ. ಸಂಜೆ ಬಂದು ಕೇಳದಿದ್ದರೂ ವರದಿ ಒಪ್ಪಿಸುತ್ತಿದ್ದ: ಮಗುಚಿಕೊಂಡಿತು, ಹಲ್ಲು ಬಂತು, ನನ್ನ ಮೂಗು ಕಚ್ಚಿತು, ಹೆಸರು ಚೆಲುವಿ ಎಂದರೆ ತಿರುಗಿ ನೋಡುತ್ತದೆ. ಮೊದಲಿನ ಹಾಗೆ ಮಗು ಇದ್ದಂಗೆ ಅದೆ ಎನ್ನದಿರುವುದನ್ನು ಕಲಿತಿದ್ದ. ನಾನು ಕೇಳುತ್ತಿದ್ದೆ, ಬೇಳೆ ಆರಿಸುತ್ತಿದ್ದೆ, ಬೆಳಿಗ್ಗೆ ಎದ್ದು ನಡೆಯುತ್ತಿದ್ದೆ. ಸಂತೋಷಕ್ಕೂ ಸಂಕಟಕ್ಕೂ ಮೈಯಲ್ಲಿ ಜಾಗವಿರಲಿಲ್ಲ.

ಸಂಕ್ರಾಂತಿಯ ಹಿಂದಿನ ದಿನ ಬೆಳಿಗ್ಗೆ ನೂರ ಎಂಬತ್ತನೇ ಹಲಗೆಯ ಮೇಲೆ ನಿಂತಾಗ ಕಾಲು ಒಣಗಿತ್ತು. ನನಗೆ ನಂಬಿಕೆ ಬರದೆ ಕೆಳಗೆ ನೋಡಿದೆ. ಬೆಟ್ಟ ಅಗೆದು ಇಲಿ ಹಿಡಿದ ಹಾಗೆ ಎನಿಸಿತೇ ಹೊರತು ಬೇರೇನೂ ಅನಿಸಲಿಲ್ಲ. ಈಚೆ ಕಡೆಯಿಂದ ತಿಮ್ಮಾಜಮ್ಮನ ಸೀಟಿ ಒಂದು ಸಲ ಕೇಳಿಸಿತು. ಬೆನ್ನ ಹಿಂದೆ ಬರುತ್ತಿದ್ದ ಚಿಕ್ಕೀರಯ್ಯನ ಕೈಯಲ್ಲಿ ನನ್ನ ಒಂದು ಜೊತೆ ಬಟ್ಟೆ. ಅದನ್ನೂ ನಾನು ಹೊರುವಂತಿರಲಿಲ್ಲ. ಶಶಿಯ ಮನೆಯ ಬಾಗಿಲವರೆಗೆ ಬಂದು ಬಟ್ಟೆ ಕೊಟ್ಟು, "ಹೊಟ್ಟೆ ತುಂಬ ಉಣ್ಣು ಅಂತ ಹೇಳಕ್ಕೂ ಬಾಯಿ ಬರಲ್ವಲ್ಲ ನಂಗೆ" ಎಂದ. ಆಮೇಲೆ ತನ್ನ ಸಾಮಾನು ಮುಟ್ಟಿಸಲು ಹೊರಟುಹೋದ.

ಶಶಿ ಬಾಗಿಲು ತೆಗೆದು ನೋಡುತ್ತಲೇ ನಿಂತಳು. "ಅವ್ವ, ಹಿಂಗಾಗ್ಬಿಟ್ಟಿದ್ದೀಯಲ್ಲ" ಎಂದವಳು ನನ್ನ ಭುಜ ಹಿಡಿದುಕೊಂಡು ಅತ್ತಳು. ನನಗೆ ಅಳು ಬರಲಿಲ್ಲ. ಕೈತೊಳೆದುಕೊಂಡು ಗೋಡೆಗೆ ಒರಗಿ ಕಾಲು ಚಾಚಿ ಕೂತೆ. "ತಾ" ಎಂದೆ.

ಹತ್ತು ತಿಂಗಳ ಚೆಲುವಿ ಗುಂಡಗಿದ್ದಳು, ಎಣ್ಣೆ ಹಚ್ಚಿದ ತಲೆ, ತಾತನ ಮೂಗು. ಇದನ್ನು ಆ ಮಹರಾಯ ಒಂದು ದಿನ ಹೇಳಿದ್ದರೆ ಕೇಳಿ. ಅಳದೆ ಬಂದಳು, ನನ್ನ ಬಳೆ ಎಳೆದಳು, ಆಕಳಿಸಿದಳು. ತೊಡೆಯ ಮೇಲೆ ಮಲಗಿಸಿ ತಟ್ಟಿದೆ. ಹೊರಳಿದಳು. ಈ ಕಡೆ ಮಾಡಿ ತಟ್ಟಿದೆ. ಮತ್ತೆ ಹೊರಳಿ, ಬೆನ್ನು ಬಿಲ್ಲು ಮಾಡಿ ಕಿರುಚತೊಡಗಿದಳು. ಎತ್ತಿ ಎದೆಗೆ ಒರಗಿಸಿಕೊಂಡರೆ ಅಲ್ಲಿಯೂ ತಲೆಗೆ ಜಾಗ ಸಿಗದೆ ಒದ್ದಾಡಿದಳು. ಶಶಿ ಎತ್ತಿಕೊಂಡಳು. ಎರಡು ನಿಮಿಷಕ್ಕೆ ತಾಯಿಯ ಮಡಿಲಲ್ಲಿ ನಿದ್ದೆ ಹೋದಳು.

"ಮೂಳೆ ಒತ್ತುತ್ತೆ ಅನ್ಸುತ್ತೆ ಅವ್ಳಿಗೆ," ಎಂದವಳು ನಾಲಗೆ ಕಚ್ಚಿಕೊಂಡಳು. ಮಗುವಿನ ತಲೆ ನೇವರಿಸುತ್ತ ಹೇಳಿದಳು. "ನಿನ್ ತೊಡೆ ಎಷ್ಟು ಮೆತ್ತಗಿತ್ತವ್ವ. ಪರೀಕ್ಷೆಗೆ ಓದೋವಾಗ್ಲೂ ಅಲ್ಲೇ ತಲೆ ಇಟ್ಟು ನಿದ್ದೆ ಮಾಡ್ಬಿಡ್ತಿದ್ದೆ ನಾನು."

ನಾನು ನನ್ನ ತೊಡೆಯನ್ನು ನೋಡಿಕೊಂಡೆ. ಸೀರೆಯ ಕೆಳಗೆ ಎರಡು ಕೋಲು. ಮಗಳಿಗೆ ಒಂದು ಮಡಿಲು ತರೋಣ ಎಂದು ಒಂದೂವರೆ ವರ್ಷ ನಡೆದು, ದಾರಿಯಲ್ಲಿ ಅದನ್ನೇ ಕಳೆದು ಬಂದಿದ್ದೆ. ಈಗ ಬಂತು ಅಳು, ಬಾಯಿಗೆ ಸೆರಗು ಇಟ್ಟುಕೊಂಡು ಅತ್ತೆ, ಮಗು ಏಳಬಾರದಲ್ಲ.

ಮಧ್ಯಾಹ್ನ ಶಶಿ ತಟ್ಟೆ ತಂದು ಮುಂದಿಟ್ಟಳು. ಕಾಲು ಮುದ್ದೆ, ಸೊಪ್ಪು, ನಾಲ್ಕು ಹೋಳು ಸೌತೆಕಾಯಿ. "ಅಪ್ಪ ಎಲ್ಲಾ ಹೇಳವ್ರೆ, ಗ್ರಾಮಿನ ಲೆಕ್ಕದಲ್ಲಿ," ಎಂದಳು. "ಎಂಟು ದಿನಕ್ಕೆ ನೀನು ವಾಪಸ್ ಹೋಗ್ಬೇಕಲ್ಲ."

ವಾಪಸು. ಅಂಗಡಿ ಆ ದಡದಲ್ಲಿತ್ತು. ಮನೆ, ಬಾಣಲೆ, ಮೂವತ್ತೆರಡು ವರ್ಷದ ನೆರೆಹೊರೆ, ಗೋದಾಮಿನ ಸುತ್ತ ನಡೆಯುವ ತಿಮ್ಮಾಜಮ್ಮ, ಎಲ್ಲ ಆ ದಡದಲ್ಲಿತ್ತು. ಚಿಕ್ಕೀರಯ್ಯನೇನೋ ದಿನಾ ಬಂದುಹೋಗುತ್ತಾನೆ. ರಾತ್ರಿಯ ಮುದ್ದೆಯನ್ನು ತಾನೇ ತೊಳಸಿಕೊಳ್ಳಬೇಕಾಗುತ್ತದೆ. ಇನ್ನೊಂದು ಸಲ ಈ ನಡಿಗೆ ಈ ವಯಸ್ಸಿಗೆ ನನ್ನಿಂದಾಗದು, ಅದನ್ನು ನನ್ನ ಮಂಡಿ ಆಗಲೇ ಹೇಳಿತ್ತು. ಚಾಪೆಯ ಮೇಲೆ ಮಲಗಿದ್ದ ಚೆಲುವಿ ನಿದ್ದೆಯಲ್ಲಿ ಕೈ ಚಾಚಿ ಬರಿ ನೆಲವನ್ನು ತಡವಿದಳು.

ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. "ಅನ್ನ ಮಾಡಿದ್ದೀಯಾ?"

"ನನಗೆ ಅಂತ ಮಾಡಿದ್ದೀನಿ."

"ಹಾಕು. ತುಪ್ಪಾನೂ ಬಿಡು."

ಶಶಿ ನನ್ನ ಮುಖ ನೋಡಿದಳು. ಆಮೇಲೆ ಎದ್ದು ಹೋಗಿ ಅನ್ನದ ಪಾತ್ರೆ ತಂದಳು, ತುಪ್ಪದ ಗಿಂಡಿ ಬಗ್ಗಿಸಿದಳು. "ಸಾಕು ಅಂದಾಗ ಹೇಳವ್ವ" ಎಂದಳು.

ನಾನು ಸಾಕು ಎನ್ನಲಿಲ್ಲ.